ಆಟ ಅಲ್ಲಿ, ಮಾತು ಇಲ್ಲಿ: ಕ್ರಿಕೆಟ್ ಸುದ್ದಿ ನಡೆದು ಬಂದ ದಾರಿ

ಕ್ರಿಕೆಟ್ ಆಡುವವರು ಅತ್ತ ಹನ್ನೊಂದು, ಇತ್ತ ಹನ್ನೊಂದು ಜನ. ಮೈದಾನದಲ್ಲಿ ಕೂತು ನೋಡುವವರು ಕೆಲವು ಸಾವಿರ. ಆ ಆಟದ ಬಗ್ಗೆ ಮಾತಾಡುವವರು ಮಾತ್ರ ಕೋಟಿಗಟ್ಟಲೆ. ಪಂದ್ಯ ಲಾರ್ಡ್ಸ್‌ನಲ್ಲಿ ನಡೆದಿರಲಿ, ಮೆಲ್ಬರ್ನ್‌ನಲ್ಲಿ ನಡೆದಿರಲಿ, 'ಆ ಸ್ಪಿನ್ನರ್‌ನ ಯಾಕೆ ಕೈಬಿಟ್ರು?' ಎಂಬ ವಾದ ನಡೆಯುವುದು ನಮ್ಮ ಹೋಟೆಲಿನಲ್ಲಿ, ನಮ್ಮ ಬಸ್ ಸ್ಟ್ಯಾಂಡಿನಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ. ಈ ವಾದಕ್ಕೆ ಬೇಕಾದ ಸರಕು ಸುದ್ದಿ. ಸುದ್ದಿ ಎಂಥದೋ ಅಭಿಮಾನಿಯ ಮಾತೂ ಅಂಥದೇ. ದೂರದ ಮೈದಾನದ ಸುದ್ದಿ ನಮ್ಮ ತನಕ ಹೇಗೆಲ್ಲ ಬಂತು, ಅದು ಬಂದ ರೀತಿಯಿಂದ ನಮ್ಮ ಮಾತು ಹೇಗೆಲ್ಲ ಬದಲಾಯಿತು ಎಂಬುದನ್ನು ಇಂದು ನೋಡೋಣ.

1877ರ ಮಾರ್ಚ್ 15ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ತಂಡಗಳು ಎದುರಾದವು. ಮೊಟ್ಟಮೊದಲ ಟೆಸ್ಟ್ ಪಂದ್ಯ ಎಂದು ಈಗ ನಾವು ಲೆಕ್ಕ ಹಿಡಿಯುವುದು ಇದನ್ನೇ. ಚಾರ್ಲ್ಸ್ ಬ್ಯಾನರ್‌ಮನ್ 165 ರನ್ ಹೊಡೆದು, ಬೆರಳಿಗೆ ಪೆಟ್ಟಾಗಿ ಹೊರನಡೆದರು. ಆಸ್ಟ್ರೇಲಿಯಾ 45 ರನ್‌ಗಳಿಂದ ಗೆದ್ದಿತು. ಅದಕ್ಕೆ ಐದು ವರ್ಷ ಮೊದಲಷ್ಟೇ ಆಸ್ಟ್ರೇಲಿಯಾಕ್ಕೂ ಲಂಡನ್ನಿಗೂ ತಂತಿ ಸಂಪರ್ಕ ಏರ್ಪಟ್ಟಿತ್ತು. ಹಡಗಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಸುದ್ದಿ ಈಗ ಸಮುದ್ರದ ತಳದ ತಂತಿಯಲ್ಲಿ ಹರಿಯುತ್ತಿತ್ತು. ಆದರೆ ತಂತಿಯಲ್ಲಿ ಒಂದೊಂದು ಪದಕ್ಕೂ ದುಡ್ಡು ತೆರಬೇಕು. ಹಾಗಾಗಿ ಬರುತ್ತಿದ್ದುದು ಮೊತ್ತ, ವಿಕೆಟ್, ಗೆಲುವು, ಸೋಲು, ಅಷ್ಟೇ. ಉಳಿದದ್ದನ್ನು ಓದುಗರೇ ಊಹಿಸಿಕೊಳ್ಳಬೇಕಿತ್ತು.

1882ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡಿಗೆ ಗೆಲ್ಲಲು ಬೇಕಿದ್ದದ್ದು ಬರೀ 85 ರನ್. ಆಸ್ಟ್ರೇಲಿಯಾದ ಬೌಲರ್ ಸ್ಪೋಫರ್ತ್ ಆ ಪಂದ್ಯದಲ್ಲಿ 14 ವಿಕೆಟ್ ಕಿತ್ತರು, ಇಂಗ್ಲೆಂಡ್ 77ಕ್ಕೆ ಮುಗಿಯಿತು. 'ಸ್ಪೋರ್ಟಿಂಗ್ ಟೈಮ್ಸ್' ಪತ್ರಿಕೆ ಇಂಗ್ಲಿಷ್ ಕ್ರಿಕೆಟ್ ಸತ್ತುಹೋಯಿತೆಂದೂ, ಅದರ ಬೂದಿಯನ್ನು ಆಸ್ಟ್ರೇಲಿಯಾಕ್ಕೆ ಒಯ್ಯಲಾಗುವುದೆಂದೂ ಅಣಕದ ನಿಧನವಾರ್ತೆ ಅಚ್ಚುಹಾಕಿತು. ಇಂದಿಗೂ ಆ ಎರಡು ದೇಶಗಳು ಸೆಣಸುವ 'ಆಷಸ್' ಅಂದರೆ 'ಬೂದಿ' ಸರಣಿ ಹೆಸರು ಪಡೆದದ್ದು ಆ ನಾಲ್ಕಾರು ಸಾಲುಗಳಿಂದ. ಆಟವನ್ನು ಆಟಗಾರರು ಆಡುತ್ತಾರೆ, ಅದಕ್ಕೆ ಅರ್ಥ ಕಟ್ಟುವವರು ಬರೆಯುವವರು ಮತ್ತು ಓದಿ ಮಾತಾಡುವವರು. ಇದು ಮೊದಲ ಬಾರಿಗೆ ನಿಚ್ಚಳವಾಗಿ ಕಂಡದ್ದು ಆಗ.

ಸುದ್ದಿ ಅರೆಬರೆಯಾದರೆ ಏನಾಗುತ್ತದೆ ಎಂಬುದಕ್ಕೆ 1932-33ರ 'ಬಾಡಿಲೈನ್' ಸರಣಿಗಿಂತ ದೊಡ್ಡ ಸಾಕ್ಷಿ ಬೇಡ. ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಬ್ರಾಡ್ಮನ್ ಅವರನ್ನು ಕಟ್ಟಿಹಾಕಲು ಇಂಗ್ಲೆಂಡಿನ ನಾಯಕ ಡಗ್ಲಾಸ್ ಜಾರ್ಡಿನ್ ಒಂದು ತಂತ್ರ ಹೂಡಿದರು. ಲೆಗ್ ಸೈಡಿನಲ್ಲಿ ಬ್ಯಾಟ್ಸ್‌ಮನ್ ಹತ್ತಿರವೇ ಫೀಲ್ಡರುಗಳ ಗುಂಪು, ಹೆರಾಲ್ಡ್ ಲಾರ್‌ವುಡ್ ಎಸೆಯುವ ಚೆಂಡು ನೇರ ಮೈಮೇಲೆ. ತಪ್ಪಿಸಿಕೊಳ್ಳಲು ಬ್ಯಾಟ್ ಎತ್ತಿದರೆ ಕ್ಯಾಚ್, ಎತ್ತದಿದ್ದರೆ ಪೆಟ್ಟು. 1933ರ ಜನವರಿಯಲ್ಲಿ ಅಡಿಲೇಡ್‌ನಲ್ಲಿ ಆಸ್ಟ್ರೇಲಿಯಾದ ನಾಯಕ ಬಿಲ್ ವುಡ್‌ಫುಲ್ ಅವರ ಎದೆಗೆ ಚೆಂಡು ಬಡಿಯಿತು. ವಿಕೆಟ್‌ಕೀಪರ್ ಓಲ್ಡ್‌ಫೀಲ್ಡ್ ಅವರ ತಲೆಬುರುಡೆ ಬಿರುಕುಬಿಟ್ಟಿತು. ವಿಚಾರಿಸಲು ಬಂದ ಇಂಗ್ಲೆಂಡ್ ತಂಡದ ಮ್ಯಾನೇಜರ್ ವಾರ್ನರ್ ಅವರಿಗೆ, ಎರಡು ತಂಡಗಳಲ್ಲಿ ಒಂದು ಮಾತ್ರ ಕ್ರಿಕೆಟ್ ಆಡುತ್ತಿದೆ ಎಂಬರ್ಥದ ಮಾತನ್ನು ವುಡ್‌ಫುಲ್ ಆಡಿದರು. ನಾಲ್ಕು ಗೋಡೆಗಳ ನಡುವಿನ ಆ ಮಾತು ಪತ್ರಿಕೆಗಳಿಗೆ ಸೋರಿತು. ಆಸ್ಟ್ರೇಲಿಯಾದ ಮಂಡಳಿ, ಆಟದ ನಿಯಮ ರೂಪಿಸುವ ಲಂಡನ್ನಿನ ಎಂಸಿಸಿ ಕ್ಲಬ್ಬಿಗೆ ಕಟುವಾದ ತಂತಿ ಕಳಿಸಿತು, ಎಂಸಿಸಿ ಅಷ್ಟೇ ಬಿಗುವಾಗಿ ಉತ್ತರಿಸಿತು.

ಲಂಡನ್ನಿನ ಹಿರಿಯರಿಗೆ ಈ ಕೋಪ ಅರ್ಥವೇ ಆಗಲಿಲ್ಲ. ಯಾಕೆಂದರೆ ಅವರು ಆ ಬೌಲಿಂಗನ್ನು ಕಣ್ಣಾರೆ ಕಂಡಿರಲಿಲ್ಲ. ತಂಡದ ಜೊತೆ ಹೋಗಿದ್ದ ಇಂಗ್ಲಿಷ್ ವರದಿಗಾರರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲೊಬ್ಬರಾದ ಬ್ರೂಸ್ ಹ್ಯಾರಿಸ್ ಅದುವರೆಗೆ ಬರೆಯುತ್ತಿದ್ದುದು ಟೆನ್ನಿಸ್ ಬಗ್ಗೆ. ಸೋತವರು ಗೋಳಾಡುತ್ತಿದ್ದಾರೆ ಎಂದೇ ಇಂಗ್ಲೆಂಡಿನ ಅಭಿಮಾನಿಗಳು ತಿಳಿದರು. ಅದೇ 1933ರ ಬೇಸಿಗೆಯಲ್ಲಿ ವೆಸ್ಟ್ ಇಂಡೀಸಿನ ಕಾನ್‌ಸ್ಟಂಟೈನ್ ಮತ್ತು ಮಾರ್ಟಿಂಡೇಲ್ ಮ್ಯಾಂಚೆಸ್ಟರ್‌ನಲ್ಲಿ ಇದೇ ಬಗೆಯ ಬೌಲಿಂಗ್ ಮಾಡಿದಾಗ ಇಂಗ್ಲೆಂಡಿನ ಜನರ ಕಣ್ಣು ತೆರೆಯಿತು. ಮುಂದೆ ಎಂಸಿಸಿಯೇ ಅಂಥ ಎಸೆತದ ವಿರುದ್ಧ ನಿಯಮ ತಂದಿತು. ನೋಡಿದವರು ಸರಿಯಾಗಿ ಹೇಳದೆ ಹೋದದ್ದರಿಂದ ಎರಡು ದೇಶಗಳ ಜನ ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ತಪ್ಪು ತಿಳಿದರು. ಸ್ಕೋರ್ ಮುಟ್ಟಿತ್ತು, ನಿಜ ಮುಟ್ಟಿರಲಿಲ್ಲ.

ಈ ಕೊರತೆ ತುಂಬಬಲ್ಲದ್ದು ರೇಡಿಯೋ, ಅದು ಬಾಡಿಲೈನ್‌ಗೂ ಮೊದಲೇ ಹುಟ್ಟಿತ್ತು. 1922ರಲ್ಲಿ ಸಿಡ್ನಿಯ ಒಂದು ಪಂದ್ಯದಿಂದ ಮೊದಲ ವೀಕ್ಷಕ ವಿವರಣೆ ಬಿತ್ತರವಾಯಿತು. ಅದು ಮೊದಲ ಟೆಸ್ಟ್ ಶತಕ ಬಾರಿಸಿದ ಅದೇ ಬ್ಯಾನರ್‌ಮನ್ ಅವರ ಸಹಾಯಾರ್ಥ ಪಂದ್ಯವಾಗಿತ್ತು. 1927ರಲ್ಲಿ ಬಿಬಿಸಿ ಶುರುಮಾಡಿತು. ಆದರೆ ಖಂಡ ದಾಟಿ ದನಿ ಕಳಿಸುವುದು ಆಗಿನ್ನೂ ಭರವಸೆಯ ಕೆಲಸವಾಗಿರಲಿಲ್ಲ. ಅದಕ್ಕೆ ಆಸ್ಟ್ರೇಲಿಯಾದವರು ಕಂಡುಕೊಂಡ ಉಪಾಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

1938ರಲ್ಲಿ ಬ್ರಾಡ್ಮನ್ ತಂಡ ಇಂಗ್ಲೆಂಡಿನಲ್ಲಿ ಆಡುತ್ತಿದೆ. ಸಿಡ್ನಿಯ ಸ್ಟುಡಿಯೋದಲ್ಲಿ, ನಡುರಾತ್ರಿಯಲ್ಲಿ, ಅಲನ್ ಮ್ಯಾಕ್‌ಗಿಲ್‌ವ್ರೇ ಮತ್ತು ಸಂಗಡಿಗರು ಮೈಕಿನ ಮುಂದೆ ಕೂತಿದ್ದಾರೆ. ಒಂದು ಓವರ್ ಮುಗಿದೊಡನೆ ಇಂಗ್ಲೆಂಡಿನಿಂದ ಸಂಕೇತಾಕ್ಷರಗಳ ತಂತಿ ಬರುತ್ತದೆ. ಪಕ್ಕದ ಕೋಣೆಯಲ್ಲಿ ಅದನ್ನು ಬಿಡಿಸಿ ಚೀಟಿ ಮಾಡಿ ಕೊಡುತ್ತಾರೆ: ಯಾವ ಚೆಂಡು, ಯಾವ ಹೊಡೆತ, ಚೆಂಡು ಹೋದದ್ದು ಯಾವ ಕಡೆಗೆ. ವಿವರಣೆಕಾರ ಆ ಚೀಟಿ ಹಿಡಿದು, ಆಟ ಕಣ್ಣೆದುರೇ ನಡೆಯುತ್ತಿರುವಂತೆ ಆರು ಚೆಂಡುಗಳನ್ನೂ ಬಣ್ಣಿಸುತ್ತಾನೆ. ಬ್ಯಾಟಿಗೆ ಚೆಂಡು ತಾಗುವ ಸದ್ದಿಗೆ ಮರದ ತುಂಡಿನ ಮೇಲೆ ಪೆನ್ಸಿಲಿನಿಂದ ಒಂದು ಕುಟ್ಟು. ಚಪ್ಪಾಳೆಗೆ ಧ್ವನಿಮುದ್ರಿಸಿಟ್ಟ ತಟ್ಟೆ. ತಂತಿ ತಡವಾದರೆ ಮುಂದಿನ ಚೀಟಿ ಬರುವ ತನಕ ಏನಾದರೊಂದು ನೆಪ ಹೇಳಿ ಆಟ ನಿಲ್ಲಿಸಬೇಕು. ಇದು ಸ್ಟುಡಿಯೋದಲ್ಲಿ ಕಟ್ಟಿದ ಆಟವೆಂದು ಕೇಳುಗರಿಗೆ ಗೊತ್ತಿತ್ತು. ಗೊತ್ತಿದ್ದೂ ಮನೆಮಂದಿಯೆಲ್ಲ ನಿದ್ದೆಗೆಟ್ಟು ಕೇಳಿದರು. ಹೊರಗಿನ ಸದ್ದು ಕಟ್ಟಿದ್ದಾದರೂ ಒಳಗಿನ ರನ್ನು, ವಿಕೆಟ್ಟು ದಿಟ ಎಂಬ ನಂಬಿಕೆ ಅವರಿಗಿತ್ತು. ಆ ನಂಬಿಕೆಯ ಮೇಲೆ ರೇಡಿಯೋ ಕ್ರಿಕೆಟ್ ಬೆಳೆಯಿತು.

ನಮ್ಮ ದೇಶದಲ್ಲಿ ಆ ಕೆಲಸಕ್ಕೆ ಕೈಹಚ್ಚಿದವರು ಬಾಬಿ ತಲ್ಯಾರ್‌ಖಾನ್. 1934ರಲ್ಲಿ ಬೊಂಬಾಯಿಯಿಂದ ಶುರುಮಾಡಿದ ಅವರು ಊಟ, ಚಹಾದ ವಿರಾಮ ಬಿಟ್ಟರೆ ಇಡೀ ದಿನ ಒಬ್ಬರೇ ಮಾತಾಡುತ್ತಿದ್ದರು. ಮುಂದೆ ಆಕಾಶವಾಣಿಯಲ್ಲಿ ಸರದಿಯ ಮೇಲೆ ಹೇಳುವ ತಂಡ ಬಂತು, ಇಂಗ್ಲಿಷಿನ ಜೊತೆ ಹಿಂದಿಯೂ ಬಂತು. ಟ್ರಾನ್ಸಿಸ್ಟರ್ ಅಗ್ಗವಾದ ಮೇಲಂತೂ ಕ್ರಿಕೆಟ್ ನಗರಗಳ ಕ್ಲಬ್ಬಿನಿಂದ ಹೊರಟು ಹಳ್ಳಿಯ ಕಟ್ಟೆ ಹತ್ತಿತು. ಮೈದಾನದಲ್ಲೇ ಕೂತವರೂ ಕಿವಿಗೆ ಟ್ರಾನ್ಸಿಸ್ಟರ್ ಒತ್ತಿಕೊಂಡಿರುತ್ತಿದ್ದರು. ಕಂಡದ್ದನ್ನು ತಿಳಿದವರ ಬಾಯಲ್ಲಿ ಕೇಳಿ ಖಚಿತಮಾಡಿಕೊಳ್ಳುವ ಆಸೆ ಅದು. ಮಾತೃಭಾಷೆ ಕನ್ನಡವೊಂದನ್ನೇ ಬಲ್ಲವರ ಬಾಯಲ್ಲೂ ಸಿಲ್ಲಿ ಪಾಯಿಂಟ್, ಗೂಗ್ಲಿ, ಮೇಡನ್ ಓವರ್ ಸಲೀಸಾಗಿ ಓಡಾಡತೊಡಗಿದವು.

ಆ ಕಾಲದ ಅತ್ಯುತ್ತಮ ದಿನ 1971ರ ಆಗಸ್ಟ್ 24, ಗಣೇಶ ಚತುರ್ಥಿ. ಹಿಂದಿನ ದಿನ ಓವಲ್‌ನಲ್ಲಿ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ 38 ರನ್ ಕೊಟ್ಟು 6 ವಿಕೆಟ್ ಕಿತ್ತಿದ್ದರು. ಪೋಲಿಯೋದಿಂದ ಸೊರಗಿದ ಬಲಗೈಯಿಂದಲೇ ಅವರು ಬೌಲ್ ಮಾಡುತ್ತಿದ್ದುದು. ಇಂಗ್ಲೆಂಡಿನ ಎಡ್ರಿಚ್ ಬ್ಯಾಟ್ ಇಳಿಸುವಷ್ಟರಲ್ಲಿ ಚೆಂಡು ಸ್ಟಂಪಿಗೆ ಬಡಿದಿತ್ತು. ಇಂಗ್ಲೆಂಡ್ 101ಕ್ಕೆ ಕುಸಿಯಿತು. ಭಾರತಕ್ಕೆ ಗೆಲ್ಲಲು 173 ಬೇಕು. ಹಬ್ಬದ ದಿನ ಲಂಡನ್ನಿನಲ್ಲಿದ್ದ ಭಾರತೀಯರು ಪ್ರಾಣಿ ಸಂಗ್ರಹಾಲಯದಿಂದ ಬೆಲ್ಲಾ ಎಂಬ ಆನೆಯನ್ನು ಮೈದಾನಕ್ಕೆ ಕರೆಸಿದ್ದರು. ಭದ್ರಾವತಿಯ ಜಿ.ಆರ್. ವಿಶ್ವನಾಥ್ 33 ರನ್ ಮಾಡಿ ಗೆಲುವಿನ ಹೊಸ್ತಿಲಲ್ಲಿ ಔಟಾದರು. ಅಬೀದ್ ಅಲಿ ಬೌಂಡರಿ ಹೊಡೆದು ಮುಗಿಸಿದರು. ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಜಯ, ಮೊದಲ ಸರಣಿ ಜಯ. ಕನ್ನಡ ನಾಡಿನ ಬಹುಪಾಲು ಜನ ಚಂದ್ರ ಎಸೆದ ಒಂದು ಚೆಂಡನ್ನೂ ಕಾಣದೆ, ಕೇಳಿಯೇ ಅವರ ಬೌಲಿಂಗನ್ನು ಓವರ್ ಓವರಾಗಿ ಬಣ್ಣಿಸಬಲ್ಲವರಾಗಿದ್ದರು.

ಮುಂದೆ ಟೆಲಿವಿಷನ್ ಬಂತು. 1983ರ ಜೂನ್ 25ರಂದು ಕಪಿಲ್ ದೇವ್ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಎತ್ತಿದ್ದು ಎಲ್ಲರ ಕಣ್ಣಲ್ಲಿದೆ. ಅದಕ್ಕೆ ಒಂದು ವಾರ ಮೊದಲು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17 ರನ್‌ಗೆ 5 ವಿಕೆಟ್ ಕಳಕೊಂಡಿತ್ತು. ಕಪಿಲ್ ಔಟಾಗದೆ 175 ಹೊಡೆದರು. ಮೊದಲು ರೋಜರ್ ಬಿನ್ನಿ ಜೊತೆಗೂಡಿದರು, ಕೊನೆಗೆ ಸೈಯದ್ ಕಿರ್ಮಾನಿ ಒಂಬತ್ತನೇ ವಿಕೆಟ್ಟಿಗೆ ಮುರಿಯದ 126 ರನ್‌ಗಳ ಜೊತೆಯಾಟ ಕೊಟ್ಟರು. ಇಬ್ಬರೂ ಕರ್ನಾಟಕದವರು. ಈ ಇನ್ನಿಂಗ್ಸ್‌ನ ವಿಡಿಯೋ ಎಲ್ಲೂ ಇಲ್ಲ. ಸ್ಕೋರ್ ಕಾರ್ಡ್, ಕೆಲವು ಛಾಯಾಚಿತ್ರ ಮತ್ತು ಕಂಡವರ ಮಾತಿನ ಬಲದಿಂದಲೇ ಅದು ಉಳಿದಿದೆ. ನಿಷ್ಠೆಯಿಂದ ಹೇಳಿದ ಮಾತು ಎಷ್ಟು ಕಾಲ ಬಾಳುತ್ತದೆ ನೋಡಿ.

1995ರಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತು, ಅವುಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವಿಲ್ಲ ಎಂದು ತೀರ್ಪಿತ್ತಿತು. ಖಾಸಗಿ ವಾಹಿನಿಗಳು ಬೆಳೆದವು, ಕ್ರಿಕೆಟ್ ದಿನದ ಇಪ್ಪತ್ತನಾಲ್ಕು ಗಂಟೆಯ ಸರಕಾಯಿತು. 2018ರಲ್ಲಿ ಕನ್ನಡದ್ದೇ ಕ್ರೀಡಾ ವಾಹಿನಿಯೂ ಬಂತು. ಇವತ್ತು ಪ್ರತಿ ಚೆಂಡಿನ ಸುದ್ದಿ ಜೇಬಿನಲ್ಲಿದೆ.

ವೇಗ ಹೆಚ್ಚಿದ ಹಾಗೆ ನಮ್ಮ ತಿಳಿವಳಿಕೆ ಹೆಚ್ಚಿತೇ? ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 1996ರ ಮಾರ್ಚ್ 13, ವಿಶ್ವಕಪ್ ಸೆಮಿಫೈನಲ್, ಕಲ್ಕತ್ತೆ. ಭಾರತ 8 ವಿಕೆಟ್ಟಿಗೆ 120. ಜನ ಬಾಟಲಿ ಎಸೆದರು, ಗ್ಯಾಲರಿಯಲ್ಲಿ ಬೆಂಕಿ ಹಚ್ಚಿದರು, ಪಂದ್ಯವನ್ನು ಶ್ರೀಲಂಕಾಕ್ಕೆ ಕೊಡಬೇಕಾಯಿತು. ಅದಾಗಿ ಮೂರು ವರ್ಷಕ್ಕೆ, 1999ರ ಜನವರಿ 31, ಚೆನ್ನೈ. ಬೆನ್ನುನೋವಿನಲ್ಲೇ 136 ಹೊಡೆದ ತೆಂಡೂಲ್ಕರ್ ಔಟಾಗಿ, ಭಾರತ ಪಾಕಿಸ್ತಾನಕ್ಕೆ 12 ರನ್‌ಗಳಿಂದ ಸೋತಿತು. ಅಂದು ಚೆನ್ನೈನ ಜನ ಎದ್ದು ನಿಂತು, ಮೈದಾನ ಸುತ್ತುತ್ತಿದ್ದ ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ಎರಡೂ ಕಡೆ ಇದ್ದವರು ಕ್ರಿಕೆಟ್ಟಿಗೆ ಜೀವ ಬಿಡುವವರೇ. ಚೆನ್ನೈನವರು ಎದುರಾಳಿಯ ಆಟವನ್ನೂ ಆಟವೆಂದೇ ನೋಡಿದರು. ನನ್ನ ಲೆಕ್ಕದಲ್ಲಿ ಅಭಿಮಾನಕ್ಕೆ ಅಳತೆಗೋಲು ಅದೇ.

ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ಮಹಿಳೆಯರ ವಿಶ್ವಕಪ್ ಮೊದಲು ನಡೆದದ್ದು 1973ರಲ್ಲಿ, ಪುರುಷರದ್ದಕ್ಕಿಂತ ಎರಡು ವರ್ಷ ಮೊದಲು. 1976ರಲ್ಲಿ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಿನಲ್ಲೇ, ಶಾಂತಾ ರಂಗಸ್ವಾಮಿ ಅವರ ನಾಯಕತ್ವದಲ್ಲಿ. ಚಂದ್ರ, ಸ್ಪಿನ್ನರ್ ಪ್ರಸನ್ನ, ವಿಶ್ವನಾಥ್ ಬಗ್ಗೆ ರಾತ್ರಿಯಿಡೀ ಮಾತಾಡುತ್ತಿದ್ದ ನಾಡಿನಲ್ಲಿ ಶಾಂತಾ ಅವರ ಬಗ್ಗೆ ವಾದ ಮಾಡಿದವರು ಎಷ್ಟು ಜನ? ಸುದ್ದಿಯಲ್ಲಿ ಇಲ್ಲದ್ದು ಮಾತಿನಲ್ಲೂ ಇರಲಿಲ್ಲ. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಹರ್ಮನ್‌ಪ್ರೀತ್ ಕೌರ್ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಮಣಿಸಿ ವಿಶ್ವಕಪ್ ಗೆದ್ದಾಗ ದೇಶವೇ ಮಾತಾಡಿತು. ದೀಪ್ತಿ ಶರ್ಮಾ ಬೌಲಿಂಗ್ ಬಗ್ಗೆ, ಶಫಾಲಿ ವರ್ಮಾ ಬ್ಯಾಟಿಂಗ್ ಬಗ್ಗೆ ಮನೆಮನೆಯಲ್ಲಿ ಚರ್ಚೆ ನಡೆಯಿತು. ಆಡುವ ಹುಡುಗಿಯರು ಮೊದಲೂ ಇದ್ದರು, ಅವರ ಆಟವನ್ನು ನಮ್ಮ ತನಕ ತರುವವರು ಇರಲಿಲ್ಲ.

ಆದ್ದರಿಂದ ಕೇಳುಗರಲ್ಲಿ ನನ್ನ ಕೋರಿಕೆ ಇಷ್ಟೇ. ವಾದ ಮಾಡಿ, ಜೋರಾಗಿಯೇ ಮಾಡಿ. ಆದರೆ ಒಂದು ತುಣುಕು ನೋಡಿ ಒಬ್ಬ ಆಟಗಾರನನ್ನು ಹಳಿಯುವ ಮೊದಲು ಆ ಓವರನ್ನು ಪೂರ್ತಿ ನೋಡಿ, ಪಿಚ್ ಹೇಗಿತ್ತೆಂದು ಕೇಳಿ, ಎದುರಾಳಿ ಏನು ಚೆನ್ನಾಗಿ ಮಾಡಿದನೆಂದು ಗಮನಿಸಿ. ರಣಜಿ ಪಂದ್ಯದ ಸುದ್ದಿಯನ್ನೂ, ಹೆಣ್ಣುಮಕ್ಕಳ ಪಂದ್ಯದ ಸುದ್ದಿಯನ್ನೂ ಕೇಳಿ ಪಡೆಯಿರಿ. ಕೇಳುವವರಿದ್ದರೆ ಹೇಳುವವರು ಹುಟ್ಟುತ್ತಾರೆ. ಒಳ್ಳೆಯ ಸುದ್ದಿಗಾರರನ್ನು ಬೆಳೆಸುವುದು ಒಳ್ಳೆಯ ಕೇಳುಗರೇ.