ಹಾದಿ ತೆರೆದ ಯೋಧ ರಾಮ ರಾಘೋಬ ರಾಣೆ



ಎಂಜಿನಿಯರ್ ಎಂದೊಡನೆ ಮಂಡ್ಯ, ಮದ್ದೂರು, ಮಳವಳ್ಳಿಯವರಾದ ನಮಗೆ ನೆನಪಾಗುವವರು ವಿಶ್ವೇಶ್ವರಯ್ಯನವರು; ಅವರ ಹೆಸರಿನ ನಾಲೆ, ಆ ನಾಲೆಯ ನೀರುಂಡು ಬೆಳೆದ ಕಬ್ಬು, ಭತ್ತ. ಎಂಜಿನಿಯರ್ ಎಂದರೆ ಕಟ್ಟುವವರೆಂದೇ ನಮ್ಮ ಭಾವನೆ. ಇಂದು ನಾವು ಸ್ಮರಿಸುತ್ತಿರುವ ರಾಮ ರಾಘೋಬ ರಾಣೆಯವರು, ವೈರಿಯು ಮಣ್ಣಿನಲ್ಲಿ ಹುದುಗಿಸಿಟ್ಟ ಸಾವನ್ನು ಹೊರತೆಗೆದು ದಾರಿ ಮಾಡಿಕೊಟ್ಟವರು.

ಅವರು ನಮ್ಮ ನಾಡಿನವರೇ. ಕಾರವಾರದ ಬಳಿಯ ಚೆಂಡಿಯಾ ಗ್ರಾಮದಲ್ಲಿ 1918ರ ಜೂನ್ 26ರಂದು ಜನಿಸಿದರು. 1940ರಲ್ಲಿ ಸೇನೆಯ ಬಾಂಬೆ ಎಂಜಿನಿಯರ್ಸ್ ದಳಕ್ಕೆ ಸೇರಿ, ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಹೋರಾಡಿದರು. 1947ರ ಡಿಸೆಂಬರಿನಲ್ಲಿ ಅಧಿಕಾರಿಯಾದರು.

ಆಗ ಕಾಶ್ಮೀರದ ಯುದ್ಧ ನಡೆದಿತ್ತು. ರಜೌರಿ ಪಟ್ಟಣವು 1947ರ ನವೆಂಬರಿನಿಂದ ಆಕ್ರಮಣಕಾರರ ವಶದಲ್ಲಿತ್ತು. ಅಲ್ಲಿ ಸಿಕ್ಕಿಬಿದ್ದವರನ್ನು ಉಳಿಸಬೇಕಾದರೆ ನೌಶೇರಾದಿಂದ ಟ್ಯಾಂಕುಗಳು ಹೋಗಬೇಕು. ದಾರಿಯುದ್ದಕ್ಕೂ ನೆಲಬಾಂಬುಗಳು, ಕಡಿದುರುಳಿಸಿದ ಪೈನ್ ಮರಗಳು, ಒಡೆದ ಮೋರಿಗಳು. ನಮ್ಮ ನಾಲೆಯ ಏರಿಯ ಮೇಲೆ ಒಂದು ಮೋರಿ ಕುಸಿದರೆ ಗಾಡಿಗಳೆಲ್ಲ ನಿಲ್ಲುವುದನ್ನು ನಾವು ಕಂಡಿದ್ದೇವೆ; ಅಲ್ಲಿ ಮೇಲಿನಿಂದ ಗುಂಡಿನ ಮಳೆ ಬೇರೆ.

1948ರ ಏಪ್ರಿಲ್ 8ರಂದು ಕೆಲಸ ಆರಂಭವಾದೊಡನೆ ಮಾರ್ಟರ್ ಗುಂಡುಗಳು ಬಿದ್ದವು. ರಾಣೆಯವರ ತಂಡದಲ್ಲಿ ಇಬ್ಬರು ಸತ್ತರು. ಅವರೂ ಸೇರಿ ಐವರು ಗಾಯಗೊಂಡರು. ಗಾಯಾಳುವಾಗಿ ಹಿಂದಿರುಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಉಳಿದವರನ್ನು ಒಟ್ಟುಗೂಡಿಸಿ ಮತ್ತೆ ನೆಲಕ್ಕೆ ಬಗ್ಗಿದರು. ಟ್ಯಾಂಕಿನಡಿಯಲ್ಲಿ ತೆವಳುತ್ತಾ, ನಾವು ಗಾಡಿಯ ಎತ್ತಿಗೆ ಹಗ್ಗ ಜಗ್ಗಿ ಎಡಬಲ ತೋರುವಂತೆ, ಒಳಗಿನ ಚಾಲಕನಿಗೆ ಹಗ್ಗದಿಂದ ಸನ್ನೆ ಮಾಡುತ್ತಾ ಬಾಂಬುಗಳ ನಡುವೆ ಟ್ಯಾಂಕನ್ನು ನಡೆಸಿದರೆಂದು ಹೇಳುತ್ತಾರೆ. ಮರುದಿನ ಬೆಳಿಗ್ಗೆ ಆರಕ್ಕೇ ಮತ್ತೆ ಕೆಲಸ. ಅಡ್ಡಗಟ್ಟಿದ್ದ ಮರಗಳನ್ನು ಸಿಡಿಸಿದರು, ಒಡೆದ ಮೋರಿಯ ಪಕ್ಕದಲ್ಲಿ ಬಳಸುದಾರಿ ತೆಗೆದರು. 10ನೆಯ ತಾರೀಖು ಅನ್ನ ವಿಶ್ರಾಂತಿಗಳಿಲ್ಲದೆ ರಾತ್ರಿ ಒಂಬತ್ತರವರೆಗೆ ದುಡಿದರು. 11ರಂದು ಚಿಂಗಸ್‌ವರೆಗಿನ ದಾರಿ ತೆರೆಯಿತು. 12ರಂದು ಸೇನೆ ರಜೌರಿಯನ್ನು ಮುಟ್ಟಿತು. ಅಷ್ಟರೊಳಗೆ ಅಲ್ಲಿ ಅನೇಕರ ಕೊಲೆಯಾಗಿತ್ತು. ಅಳಿದುಳಿದವರ ಪ್ರಾಣ ಉಳಿಯಿತು. ಒಂದು ದಿನ ಮುಂಚಿತವಾಗಿ ತಲುಪುವುದಕ್ಕೆ ಎಂಥ ಬೆಲೆಯಿತ್ತೆಂಬುದನ್ನು ಅವರನ್ನೇ ಕೇಳಬೇಕಾಗಿತ್ತು.

ಗಣಿಯವರೂ ಮದ್ದುಗುಂಡಿನ ಕೆಲಸದವರೂ ಸಂತ ಬಾರ್ಬರಾ ಅವರನ್ನು ತಮ್ಮ ಪಾಲಕರೆಂದು ಭಾವಿಸುವುದನ್ನು ನಾವು ಬಲ್ಲೆವು. ಕ್ಷಣದಲ್ಲಿ ಸಾವು ಬರುವ ಕೆಲಸವದು. ರಾಣೆಯವರು ಅದನ್ನು ನಾಲ್ಕು ದಿನ ಕೈಯಾರೆ ಮಾಡಿದರು.

1950ರಲ್ಲಿ ಪರಮವೀರ ಚಕ್ರವು ಅವರಿಗೆ ಸಂದಿತು. ಜೀವಂತವಾಗಿ ಅದನ್ನು ಪಡೆದ ಮೊದಲಿಗರಲ್ಲಿ ಅವರೂ ಒಬ್ಬರು. 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು. 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. 2023ರಲ್ಲಿ ಅಂಡಮಾನಿನ ದ್ವೀಪವೊಂದಕ್ಕೆ ಅವರ ಹೆಸರನ್ನಿಡಲಾಯಿತು. ಅಷ್ಟು ದೂರ ಹೋಗಲಾರದ ನಮ್ಮಂಥವರಿಗೆ ಕಾರವಾರದ ಕಡಲತೀರದಲ್ಲಿ, ಯುದ್ಧನೌಕೆಯ ಸಂಗ್ರಹಾಲಯದ ಬಳಿ, ಅವರ ಪ್ರತಿಮೆಯಿದೆ.