ದೊಡ್ಡರೋಗ, ಸೀರಮ್ ಮತ್ತು ಬಿಳಿ ರಕ್ತಕಣ

ಬೆಂಗಳೂರಿನ ಸಹಕಾರನಗರದಿಂದ ಬಳ್ಳಾರಿ ರಸ್ತೆ ಹಿಡಿದು ಪೇಟೆ ಕಡೆಗೆ ಹೊರಟರೆ ಮೊದಲು ಸಿಗುವುದು ಹೆಬ್ಬಾಳ. ಮೇಲ್ಸೇತುವೆಯ ಟ್ರಾಫಿಕ್ಕಿಗೆ ಬೈದುಕೊಂಡು ನಾವು ದಾಟುವ ಆ ಜಾಗದಲ್ಲಿ 1920ರ ದಶಕದಲ್ಲಿ ಮೈಸೂರು ಸಂಸ್ಥಾನದವರು ಸೀರಮ್ ಇನ್‌ಸ್ಟಿಟ್ಯೂಟ್ ತೆರೆದರು. ಕಾರಣ ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್. ಜ್ವರ, ಬಾಯಿಹುಣ್ಣು, ನಿಲ್ಲದ ಭೇದಿ. ಕೊಟ್ಟಿಗೆಗೆ ಹೊಕ್ಕಿತೆಂದರೆ ಉಳುವ ಎತ್ತು, ಕರೆಯುವ ಹಸು ಎರಡೂ ಹೋಗುತ್ತಿದ್ದವು. ಮಾರಮ್ಮನಿಗೆ ಹರಕೆ ಹೊರುವುದೊಂದೇ ರೈತನಿಗೆ ಉಳಿದಿದ್ದ ದಾರಿ.

ಸೀರಮ್ ತಯಾರಿಸುವ ರೀತಿ ಹೀಗಿತ್ತು. ರೋಗ ತಡೆದುಕೊಂಡ ದನಕ್ಕೆ ಮತ್ತೆ ರೋಗದ ರಕ್ತ ಚುಚ್ಚಿ, ಕೆಲವು ದಿನ ಬಿಟ್ಟು ಅದರ ರಕ್ತ ತೆಗೆಯುತ್ತಿದ್ದರು. ರಕ್ತ ಹೆಪ್ಪುಗಟ್ಟಿದ ಮೇಲೆ ತಿಳಿಯಾಗಿ ನಿಲ್ಲುವ ಹಳದಿ ನೀರೇ ಸೀರಮ್. ಅದರಲ್ಲಿ ರೋಗವನ್ನು ತಡೆಯುವ ಪ್ರತಿಕಾಯಗಳಿರುತ್ತವೆ. 1890ರಲ್ಲಿ ವಿಜ್ಞಾನಿಗಳಾದ ಬೇರಿಂಗ್ ಮತ್ತು ಕಿಟಸಾಟೊ ಇಂಥ ಸೀರಮ್ಮಿನ ಶಕ್ತಿ ತೋರಿಸಿಕೊಟ್ಟಿದ್ದರು.

ಆದರೆ ಪ್ರತಿಕಾಯವನ್ನು ತಯಾರಿಸುವವರು ಯಾರು? ಆಗ ಯಾರಿಗೂ ಗೊತ್ತಿರಲಿಲ್ಲ. ಬಿಳಿ ರಕ್ತಕಣಗಳು ರೋಗಾಣುವನ್ನು ನುಂಗುತ್ತವೆ ಎಂಬ ವಾದವನ್ನು ವಿಜ್ಞಾನಿ ಮೆಚ್ನಿಕಾಫ್ ಕಟ್ಟಿದ್ದು ನಕ್ಷತ್ರಮೀನಿನ ಮರಿಯ ಮೈಗೆ ಮುಳ್ಳು ಚುಚ್ಚಿ ನೋಡಿದ 1882ರ ಪ್ರಯೋಗದಿಂದ. ರಕ್ಷಣೆಯೆಲ್ಲ ಸೀರಮ್ಮಿನದೇ ಎನ್ನುವ ಪಕ್ಷದವರು ಅದನ್ನು ಒಪ್ಪಲಿಲ್ಲ. 1908ರಲ್ಲಿ ನೊಬೆಲ್ ಸಮಿತಿ ಮೆಚ್ನಿಕಾಫ್, ಸೀರಮ್ ಪಕ್ಷದ ಎರ್ಲಿಕ್ ಇಬ್ಬರಿಗೂ ಬಹುಮಾನ ಹಂಚಿತು. ಜಾಣತನದ ಪಂಚಾಯ್ತಿ ಅನ್ನಿ, ಜಗಳವೇನೂ ತೀರಲಿಲ್ಲ. ಪ್ರತಿಕಾಯವನ್ನು ಮಾಡುವುದೂ ಬಿಳಿ ಕಣಗಳ ಬಳಗದ್ದೇ ಆದ ಪ್ಲಾಸ್ಮಾ ಕಣ ಎಂದು ಸ್ವೀಡನ್ನಿನ ಆಸ್ಟ್ರಿಡ್ ಫಾಗ್ರೇಯಸ್ ತೋರಿಸಿದ್ದು 1948ರಲ್ಲಿ. ಹೆಬ್ಬಾಳದ ಸೀರಮ್ ಅದಕ್ಕೆಷ್ಟೋ ಮೊದಲೇ ಹಳ್ಳಿಗಳಿಗೆ ಹೋಗಿತ್ತು!

ಸೀರಮ್ಮಿನ ಕಾವಲು ಬೇಗ ಮುಗಿಯುತ್ತಿತ್ತು ಏಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಸೀಸೆಯಲ್ಲಿ ಬಂದದ್ದು ಪ್ರತಿಕಾಯ ಮಾತ್ರ. ಅದನ್ನು ಮಾಡಿದ ಕಣಗಳು ಹೆಬ್ಬಾಳದ ದನದ ದುಗ್ಧಗ್ರಂಥಿ, ಗುಲ್ಮ, ಅಸ್ಥಿಮಜ್ಜೆಯಲ್ಲೇ ಉಳಿದಿದ್ದವು. ಸಾಲ ತಂದ ಅಕ್ಕಿ, ಗದ್ದೆಯಲ್ಲ. ಗದ್ದೆ ಕೊಟ್ಟದ್ದು ಲಸಿಕೆ. ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಆಡಿನಿಂದ ಆಡಿಗೆ ದಾಟಿಸಿ ಸೌಮ್ಯಗೊಳಿಸಿದ ವೈರಸ್ಸು, ಆಮೇಲೆ ಕೀನ್ಯಾದಲ್ಲಿ ಪ್ಲೌರೈಟ್ ಜೀವಕೋಶಗಳಲ್ಲಿ ಬೆಳೆಸಿ ಮಾಡಿದ ಲಸಿಕೆ, ಎರಡೂ ದನದ ಸ್ವಂತ ಲಿಂಫೋಸೈಟು ಎಂಬ ಬಿಳಿ ಕಣಗಳಿಗೇ ವೈರಸ್ಸಿನ ಗುರುತು ಕಲಿಸಿದವು.

ಈ ಲಿಂಫೋಸೈಟುಗಳ ಕಥೆ ಸ್ವಾರಸ್ಯದ್ದು. 1950ರ ದಶಕದ ಕೊನೆಯವರೆಗೂ ಇವು ಯಾಕಿವೆ ಎಂದು ಯಾರಿಗೂ ತಿಳಿದಿರಲಿಲ್ಲ. ಆಕ್ಸ್‌ಫರ್ಡಿನ ಗೌವನ್ಸ್ ಅವುಗಳ ಕೆಲಸ ಏನೆಂದು ತೋರಿಸಿ ಮಾನ ಉಳಿಸಿದರು. ಮನುಷ್ಯರ ಬಿಳಿ ಕಣಗಳಲ್ಲಿ ರೋಗಾಣುವನ್ನು ನುಂಗುವ ನ್ಯೂಟ್ರೋಫಿಲ್‌ಗಳು ಹೆಚ್ಚು, ದನಗಳಲ್ಲಿ ಲಿಂಫೋಸೈಟುಗಳೇ ಹೆಚ್ಚು. ದೊಡ್ಡರೋಗದ ವೈರಸ್ಸು ನುಗ್ಗುತ್ತಿದ್ದುದು ಆ ಲಿಂಫೋಸೈಟಿನೊಳಕ್ಕೇ. ಬಿಳಿ ಕಣಗಳ ಎಣಿಕೆ ಕುಸಿಯುತ್ತಿತ್ತು, ಬೇರೆ ಸೋಂಕುಗಳಿಗೂ ಬಾಗಿಲು ತೆರೆಯುತ್ತಿತ್ತು. ಮಕ್ಕಳ ದಡಾರದ ವೈರಸ್ಸು ಇದರ ಹತ್ತಿರದ ನಂಟ. ಅದೂ ಲಿಂಫೋಸೈಟಿನ ಬಾಗಿಲನ್ನೇ ಬಡಿಯುತ್ತದೆ.

ಭಾರತದಲ್ಲಿ ದೊಡ್ಡರೋಗ ಕೊನೆಯ ಬಾರಿ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಸಿಡುಬು ಬಿಟ್ಟರೆ ಹೀಗೆ ಹೋದ ಇನ್ನೊಂದು ರೋಗ ಇದೇ.

ಅದರ ದಾಯಾದಿ ಮಾತ್ರ ಇನ್ನೂ ಇದೆ: ಕುರಿಗಾರರು ಹಿರೇಬೇನೆ ಎನ್ನುವ ಪಿಪಿಆರ್. ಕುರಿಗಳಲ್ಲಿ ಕಾಣುತ್ತಿದ್ದುದು ದೊಡ್ಡರೋಗವಲ್ಲ, ಪಿಪಿಆರ್ ಎಂದು ನಮ್ಮ ದೇಶದಲ್ಲಿ ಗುರುತಿಸಿ 1989ರಲ್ಲಿ ಪ್ರಕಟಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ ಒಬ್ಬರು. ಇದನ್ನೂ 2030ರೊಳಗೆ ಅಳಿಸಬೇಕೆಂಬುದು ಜಗತ್ತಿನ ಗುರಿ. ಒಳ್ಳೆಯ ಲಸಿಕೆ ಇದೆ. ಆದರೆ ಲಸಿಕೆ ಪಡೆದ ಕುರಿ ಸಂತೆಗೆ ಹೋದರೆ ಕಲಿತ ಕಣಗಳೂ ಅದರ ಜೊತೆಗೇ ಹೋದವು. ಹೊಸ ಮರಿಗೆ ಗಿಣ್ಣುಹಾಲಿನಲ್ಲಿ ಸಿಗುವುದು ತಾಯಿಯ ಪ್ರತಿಕಾಯವಷ್ಟೇ, ಅದೂ ಮೂರ್ನಾಲ್ಕು ತಿಂಗಳಲ್ಲಿ ಕರಗುತ್ತದೆ. ಹಾಗಾಗಿ ಮರಿಗಳಿಗೆ ಆ ವಯಸ್ಸು ಆಗುತ್ತಿದ್ದಂತೆ ವರ್ಷವರ್ಷವೂ ಮಂದೆ ಮಂದೆಗೆ ಸೂಜಿ ಹಿಡಿದು ಹೋಗಬೇಕು.