ಮಗುವಿನ ಕಾವಲು ಯಾರ ಹೊಣೆ?

(ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ಸಮ್ಮೇಳನದಲ್ಲಿ ವಿಚಾರಣೆಯ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಸಂತೋಷದ ದಿನಗಳಲ್ಲಿ ಇದನ್ನು ಕಟ್ಟಿದ ಹಿರಿಯರ ತ್ಯಾಗವನ್ನು ಕುರಿತು ತಾವು ಅನೇಕ ಮಾತುಗಳನ್ನು ಆಲಿಸಿದ್ದೀರಿ. ಈ ಸಂಜೆ ಉತ್ಸವ ಸಮಿತಿಯವರು ನನಗೆ ಒಪ್ಪಿಸಿರುವ ವಿಷಯ ಕುಟುಂಬ. ಕುಟುಂಬದ ನಿಧಿಯೆಂದರೆ ಮಕ್ಕಳು. ಆ ಮಕ್ಕಳಿಗೆ ಒದಗುವ ಕೇಡು ಮತ್ತು ಅದನ್ನು ತಡೆಯುವ ಬಗೆಯನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಹಬ್ಬದ ವೇಳೆಯಲ್ಲಿ ಇಂಥ ಕಹಿಯಾದ ವಿಚಾರವೇಕೆಂದು ಕೆಲವರಿಗೆ ತೋರಬಹುದು. ಆದರೆ ನೂರು ವರ್ಷಗಳಿಂದ ಇಲ್ಲಿ ಜ್ಞಾನಸ್ನಾನ ಹೊಂದಿದ ಪ್ರತಿಯೊಂದು ಶಿಶುವಿನ ಹೆಸರನ್ನೂ ನಾವು ದಫ್ತರದಲ್ಲಿ ಬರೆದಿಟ್ಟಿದ್ದೇವೆ. ಹೆಸರನ್ನು ಬರೆದುಕೊಂಡವರು ಆ ಶಿಶುವಿನ ಯೋಗಕ್ಷೇಮದ ಹೊಣೆಯನ್ನೂ ಬರೆದುಕೊಂಡಂತೆಯೇ ಸರಿ.

ಶುಭಸಂದೇಶದ ಒಂದು ಪ್ರಸಂಗವನ್ನು ನೆನಪಿಗೆ ತಂದುಕೊಳ್ಳೋಣ. ಹನ್ನೆರಡು ವರ್ಷದ ಬಾಲಯೇಸುವನ್ನು ಕರೆದುಕೊಂಡು ಮರಿಯಮ್ಮನವರೂ ಜೋಸೆಫರೂ ಪಾಸ್ಕ ಹಬ್ಬಕ್ಕಾಗಿ ಜೆರುಸಲೇಮಿಗೆ ಹೋದರು. ಹಿಂದಿರುಗುವಾಗ ಮಗು ತಮ್ಮೊಡನೆ ಇರಲಿಲ್ಲ. ಒಂದು ದಿನದ ಹಾದಿ ನಡೆದ ಮೇಲೆಯೇ ಅದು ಅವರ ಗಮನಕ್ಕೆ ಬಂದದ್ದು. ಬಂಧುಗಳು, ಪರಿಚಿತರು ಗುಂಪಾಗಿ ನಡೆದಿದ್ದರು. ಮಗು ಅವರ ನಡುವೆ ಎಲ್ಲೋ ಇರಬಹುದೆಂದು ತಂದೆತಾಯಿಯರು ಭಾವಿಸಿದ್ದರು. ಅಂಥ ಪವಿತ್ರ ಕುಟುಂಬದಲ್ಲಿಯೇ ಹೀಗಾಯಿತೆಂದ ಮೇಲೆ ನಮ್ಮ ನಿಮ್ಮ ಮನೆಗಳ ಪಾಡೇನು? ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಮಗುವನ್ನು ಬೆಳೆಸಲು ತಂದೆತಾಯಿಗಳ ಜೊತೆಗೆ ಬಂಧುಬಳಗದ ಗುಂಪೂ ಬೇಕು ಎಂಬುದು ಒಂದು. ಗುಂಪಿನಲ್ಲಿ ಪ್ರತಿಯೊಬ್ಬರೂ ಮತ್ತೊಬ್ಬರು ನೋಡಿಕೊಳ್ಳುತ್ತಿದ್ದಾರೆಂದು ತಿಳಿದರೆ ಯಾರೂ ನೋಡಿಕೊಳ್ಳದೆ ಹೋಗುತ್ತಾರೆ ಎಂಬುದು ಎರಡನೆಯದು. ಆದುದರಿಂದ ಎಲ್ಲರ ಹೊಣೆ ಎಂದರೆ ಸಾಲದು. ಇಂಥವರ ಹೊಣೆ ಎಂದು ಹೆಸರು ಹಿಡಿದು ಹೇಳಬೇಕು. ಈ ಸಂಜೆ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ.

ಮಕ್ಕಳಿಗೆ ಅಪಾಯ ಎಲ್ಲಿಂದ ಬರುತ್ತದೆ? ಗೋಣಿಚೀಲ ಹೊತ್ತು ಬರುವ ಅಪರಿಚಿತನಿಂದ ಎಂದು ನಾವು ಮಕ್ಕಳನ್ನು ಹೆದರಿಸುತ್ತ ಬಂದಿದ್ದೇವೆ. ನಿಜಸ್ಥಿತಿ ಬೇರೆಯಾಗಿದೆ. 2007ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಒಂದು ಅಧ್ಯಯನವನ್ನು ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಅದಕ್ಕಾಗಿ ವಿಚಾರಿಸಲಾಗಿತ್ತು. ಅವರಲ್ಲಿ ಶೇಕಡ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಗುರಿಯಾಗಿದ್ದೇವೆಂದು ತಿಳಿಸಿದರು. ಹೀಗೆ ನೊಂದವರಲ್ಲಿ ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳ ಸಂಖ್ಯೆಗಿಂತ ಕಡಿಮೆಯಿರಲಿಲ್ಲ. ಕೇಡು ಮಾಡಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು, ನಂಬಿಕೆಯ ಸ್ಥಾನದಲ್ಲಿದ್ದವರು. ಎಲ್ಲಕ್ಕಿಂತ ಮನ ಕಲಕುವ ಸಂಗತಿಯೆಂದರೆ, ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೇಳುವವರು ಯಾರು ಎಂಬುದೇ ಆ ಎಳೆಯ ಜೀವಗಳಿಗೆ ತಿಳಿದಿರಲಿಲ್ಲ.

ಅಪಾಯದ ಇನ್ನೊಂದು ಬಾಗಿಲು ಬಡತನ. ದುಡಿಯುವ ತಂದೆ ಹಾಸಿಗೆ ಹಿಡಿಯುತ್ತಾನೆ, ಅಥವಾ ಕುಡಿತಕ್ಕೆ ಬೀಳುತ್ತಾನೆ. ಕೈಸಾಲ ಬೆಳೆಯುತ್ತದೆ. ಆಗ ಪರಿಚಯದವರೊಬ್ಬರು ಬಂದು, ಪಟ್ಟಣದಲ್ಲಿ ಒಳ್ಳೆಯ ಮನೆಯಿದೆ, ಹುಡುಗಿ ಮಗುವನ್ನು ಆಡಿಸಿಕೊಂಡಿದ್ದರೆ ಸಾಕು, ಊಟ ಬಟ್ಟೆ ಕೊಟ್ಟು ಓದಿಸುತ್ತಾರೆ ಎಂದು ಹೇಳುತ್ತಾರೆ. ಇಲ್ಲವೇ ಖರ್ಚಿಲ್ಲದೆ ಮದುವೆ ಮಾಡಿಕೊಳ್ಳುವ ಗಂಡಿದ್ದಾನೆ ಎನ್ನುತ್ತಾರೆ. ತಾಯಿ ಕಣ್ಣೀರು ಒರೆಸಿಕೊಂಡು ಒಪ್ಪುತ್ತಾಳೆ. ಅವಳನ್ನು ಕಟುಕಿಯೆಂದು ದೂಷಿಸುವುದು ಸುಲಭ. ಆದರೆ ಆ ದಲ್ಲಾಳಿ ಅವಳ ಬಾಗಿಲಿಗೆ ಬರುವ ಮೊದಲು ನಾವು ಹೋಗಿದ್ದೆವೇ ಎಂದು ಕೇಳಿಕೊಳ್ಳಬೇಕು. ಕುಟುಂಬಕ್ಕೆ ತಕ್ಕ ಕಾಲದಲ್ಲಿ ಕೊಡುವ ಆಸರೆಯೇ ಮಗುವಿಗೆ ಕೊಡುವ ಮೊದಲ ರಕ್ಷಣೆ.

ಈ ಆಸರೆಯನ್ನು ಒಂದು ಮನೆ, ಒಂದು ದೇವಾಲಯ, ಒಂದು ಇಲಾಖೆ ತಾನೊಂದೇ ಕೊಡಲಾರದು. ಕೈಗೆ ಕೈ ಸೇರಬೇಕು. ನಮ್ಮ ನಾಡಿನಲ್ಲಿ ಹೀಗೆ ಕೈ ಸೇರಿಸಿದವರ ಮೇಲ್ಪಂಕ್ತಿಗಳಿವೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ಹಳ್ಳಿಯ ಯಾವ ಮನೆಯಲ್ಲಿ ಬಸುರಿಯಿದ್ದಾಳೆ, ಯಾವ ಮಗುವಿನ ತೂಕ ಇಳಿದಿದೆ ಎಂಬುದು ಅಂಗನವಾಡಿ ಕಾರ್ಯಕರ್ತೆಗೆ ತಿಳಿದಷ್ಟು ಇನ್ನಾರಿಗೂ ತಿಳಿಯದು. 1980ರಲ್ಲಿ ಬೆಂಗಳೂರಿನಲ್ಲಿ ಸಲೇಸಿಯನ್ ಸಭೆಯವರು ಬೀದಿಯ ಮಕ್ಕಳ ನಡುವೆ ಆರಂಭಿಸಿದ ಬಾಸ್ಕೊ ಸಂಸ್ಥೆ, ಮಕ್ಕಳು ತಮ್ಮಲ್ಲಿಗೆ ಬರಲೆಂದು ಕಾಯದೆ ರೈಲು ನಿಲ್ದಾಣಕ್ಕೂ ಬಸ್ ನಿಲ್ದಾಣಕ್ಕೂ ತಾನೇ ಹೋಯಿತು. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳೇ ಸದಸ್ಯರಾದ ಮಕ್ಕಳ ಪಂಚಾಯಿತಿಗಳು ನಡೆದವು. ಈಗ ಗ್ರಾಮ ಪಂಚಾಯಿತಿಗಳೇ ಮಕ್ಕಳ ಗ್ರಾಮಸಭೆಯನ್ನು ಕರೆಯಬೇಕೆಂಬ ಸರ್ಕಾರದ ಆದೇಶವಿದೆ. ಆ ಸಭೆಗೆ ನಮ್ಮ ಮಕ್ಕಳನ್ನು ಕಳುಹಿಸಿರಿ. ಶಾಲೆಯ ದಾರಿಯಲ್ಲಿ ಹೆಂಡದಂಗಡಿಯಿದೆ, ಶೌಚಾಲಯಕ್ಕೆ ಬಾಗಿಲಿಲ್ಲ ಎಂದು ಒಂದು ಹುಡುಗಿ ಎದ್ದು ನಿಂತು ಹೇಳಿದರೆ ಅದು ಉದ್ಧಟತನವಲ್ಲ, ಊರಿಗೆ ಮಾಡಿದ ಉಪಕಾರ.

1098 ಎಂಬ ದೂರವಾಣಿ ಸಂಖ್ಯೆಯನ್ನು ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕು. 1996ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಜೆರೂ ಬಿಲಿಮೋರಿಯಾ ಅವರು ಆರಂಭಿಸಿದ ಈ ಸಹಾಯವಾಣಿಯನ್ನು 2023ರಿಂದ ಸರ್ಕಾರವೇ ನಡೆಸತೊಡಗಿದೆ. ಹಗಲಿರುಳೂ ಹಣವಿಲ್ಲದೆ ಕರೆ ಮಾಡಬಹುದು. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ದಿಕ್ಕಿಲ್ಲದ ಮಗುವಿನ ವಿಷಯದಲ್ಲಿ ತೀರ್ಮಾನ ಕೊಡುವ ಅಧಿಕಾರ ಆ ಸಮಿತಿಯದು. 2015ರ ಬಾಲನ್ಯಾಯ ಕಾಯಿದೆಯು ಮಗುವನ್ನು ಅನಾಥಾಲಯಕ್ಕೆ ಸೇರಿಸುವುದನ್ನು ಕೊನೆಯ ದಾರಿಯೆಂದು ಹೇಳುತ್ತದೆ. ಸಾಧ್ಯವಾದಷ್ಟೂ ಮಗು ಕುಟುಂಬದಲ್ಲಿಯೇ ಬೆಳೆಯಬೇಕು. ಇದಕ್ಕಾಗಿ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ವಿಧವೆಯಾದ ತಾಯಿಯ ಮಕ್ಕಳೇ ಮೊದಲಾದ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜಕತ್ವಕ್ಕೆ ಅವಕಾಶವಿದೆ. ಇದನ್ನು ತಿಳಿಯದೆ ಎಷ್ಟೋ ತಾಯಂದಿರು ಮಗುವನ್ನು ಹಾಸ್ಟೆಲಿಗೆ ಬಿಟ್ಟು ಕಣ್ಣೀರಿಡುತ್ತಾರೆ. ಅರ್ಜಿ ಬರೆದುಕೊಡುವ ಒಬ್ಬ ವಿದ್ಯಾವಂತ ಯುವಕನ ಅರ್ಧ ದಿನದ ಸೇವೆಯಿಂದ ಒಂದು ಮನೆ ಒಡೆಯದೆ ಉಳಿಯಬಹುದು.

ಇನ್ನು ಅತಿ ಕಷ್ಟದ ಮಾತಿಗೆ ಬರುತ್ತೇನೆ. ಮಗುವೊಂದು ನೊಂದಿದೆಯೆಂದು ತಿಳಿದಾಗ ನಮ್ಮ ಜನರ ಬಾಯಿಂದ ಬರುವ ಮೊದಲ ಮಾತು ಏನು? ಮಾನ. ಮನೆಯ ಮಾನ, ಮನೆತನದ ಮಾನ, ಊರಿನ ಮಾನ, ವಿಚಾರಣೆಯ ಮಾನ. ಹಿರಿಯರು ಕೂಡಿ ಒಳಗೊಳಗೇ ಬಗೆಹರಿಸೋಣ ಎನ್ನುತ್ತಾರೆ. ಗುರುಗಳೇ, ನೀವೇ ಕರೆದು ಬುದ್ಧಿ ಹೇಳಿ ಎನ್ನುತ್ತಾರೆ. ಪ್ರಿಯರೇ, ಜಮೀನಿನ ಬದುವಿನ ವ್ಯಾಜ್ಯವನ್ನು ಹಾಗೆ ಬಗೆಹರಿಸಬಹುದು; ಇದನ್ನು ಬಗೆಹರಿಸಲಾಗದು. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯಿದೆಯ ಪ್ರಕಾರ 18 ವರ್ಷ ತುಂಬದ ಯಾರೇ ಆಗಲಿ ಮಗುವೇ. ಇಂಥ ಅಪರಾಧ ನಡೆದಿದೆಯೆಂದು ತಿಳಿದ ಪ್ರತಿಯೊಬ್ಬ ವ್ಯಕ್ತಿಯೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಮುಚ್ಚಿಟ್ಟರೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ಸಂಸ್ಥೆಯ ಮುಖ್ಯಸ್ಥನು ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವನಿಗಾದರೋ ಕಾನೂನಿನ ರಕ್ಷಣೆಯಿದೆ.

ಪೊಲೀಸು, ಕೋರ್ಟು ಎಂದರೆ ಮಗುವಿನ ಗತಿಯೇನು ಎಂದು ತಾಯಂದಿರು ಅಂಜುತ್ತಾರೆ. ಆ ಕಾಯಿದೆಯೇ ಅದಕ್ಕೆ ಉತ್ತರ ಕೊಟ್ಟಿದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ ಬರೆದುಕೊಳ್ಳಬೇಕು. ಬರೆದುಕೊಳ್ಳುವ ಅಧಿಕಾರಿ ಸಮವಸ್ತ್ರದಲ್ಲಿ ಇರಕೂಡದು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು. ಹೆಣ್ಣುಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಸಾಕ್ಷ್ಯ ನುಡಿಯಲು ಮಗುವನ್ನು ಮತ್ತೆ ಮತ್ತೆ ಕರೆಸಕೂಡದು. ಮಗುವಿನ ಹೆಸರನ್ನಾಗಲಿ ಗುರುತನ್ನಾಗಲಿ ಪತ್ರಿಕೆಗಳು ಪ್ರಕಟಿಸಕೂಡದು. ಬಸ್ ನಿಲ್ದಾಣದಲ್ಲಿಯೂ ದೇವಾಲಯದ ಅಂಗಳದಲ್ಲಿಯೂ ಪಿಸುಮಾತಾಡಿ ಆ ಗುರುತನ್ನು ಹರಡದಿರುವ ಕರ್ತವ್ಯ ನಮ್ಮದು. ತಪ್ಪು ಮಾಡಿದವನಿಗೆ ಮಾನ ಹೋಗಬೇಕೇ ಹೊರತು ನೊಂದ ಮಗುವಿಗಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಹೇಳುವಾಗ ನಾವು ಇನ್ನೊಬ್ಬರ ಕಡೆಗೆ ಬೆರಳು ತೋರಿಸಿದರೆ ಸಾಲದು. ಜಗತ್ತಿನ ಹಲವು ದೇಶಗಳಲ್ಲಿ ಗುರುಗಳು ಮತ್ತು ಧಾರ್ಮಿಕರಿಂದಲೇ ಮಕ್ಕಳಿಗೆ ಕೇಡಾಯಿತು; ಹಲವೆಡೆ ಮೇಲಿನವರು ಅದನ್ನು ಮರೆಮಾಡಿದರು. ಇದನ್ನು ಹೇಳುವಾಗ ಗುರುವಾದ ನನ್ನ ತಲೆ ತಗ್ಗುತ್ತದೆ, ಆದರೂ ಹೇಳಲೇಬೇಕು. 2014ರಲ್ಲಿ ಜಗದ್ಗುರು ಫ್ರಾನ್ಸಿಸರು ಅಪ್ರಾಪ್ತ ವಯಸ್ಕರ ರಕ್ಷಣೆಗಾಗಿ ಒಂದು ಆಯೋಗವನ್ನು ಸ್ಥಾಪಿಸಿದರು. 2019ರ ಫೆಬ್ರವರಿಯಲ್ಲಿ ಎಲ್ಲ ದೇಶಗಳ ಧರ್ಮಾಧ್ಯಕ್ಷ ಮಂಡಳಿಗಳ ಅಧ್ಯಕ್ಷರನ್ನು ರೋಮಿಗೆ ಕರೆಸಿ ಇದೊಂದೇ ವಿಷಯವನ್ನು ಚರ್ಚಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಹೊರಡಿಸಿದ ಆದೇಶದಿಂದ, ಇಂಥ ಅಪರಾಧದ ಸುದ್ದಿ ತಿಳಿದ ಪ್ರತಿಯೊಬ್ಬ ಗುರುವೂ ಧಾರ್ಮಿಕರೂ ಧರ್ಮಸಭೆಯ ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯವಾಯಿತು. ದೇಶದ ಕಾನೂನಿಗೆ ತಲೆಬಾಗುವ ಕರ್ತವ್ಯ ಇದರಿಂದ ಕಡಿಮೆಯಾಗುವುದಿಲ್ಲವೆಂದೂ ಆ ಆದೇಶ ಹೇಳಿದೆ. ಆದ್ದರಿಂದ ನಿಲುವಂಗಿಯನ್ನು ನೋಡಿ ಯಾರೂ ಸುಮ್ಮನಿರಬೇಕಾಗಿಲ್ಲ. ನನ್ನ ವಿಷಯದಲ್ಲಿಯೂ ಇದೇ ನಿಯಮ.

ಹಾಗಾದರೆ ನಾವು ಮಾಡಬೇಕಾದುದೇನು? ಪಾಲನಾ ಸಮಿತಿಯ ಮುಂದೆ ಐದು ಸಲಹೆಗಳನ್ನು ಇಡುತ್ತೇನೆ.

ಒಂದನೆಯದಾಗಿ, ಪ್ರತಿಯೊಂದು ವಾರ್ಡಿನಿಂದ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಮಕ್ಕಳ ಹಿತಚಿಂತಕರಾಗಿ ಆರಿಸಿ, ಅವರ ಹೆಸರುಗಳನ್ನು 1098 ಸಂಖ್ಯೆಯೊಂದಿಗೆ ದೇವಾಲಯದ ಹಲಗೆಯ ಮೇಲೆ ಬರೆಯಿಸೋಣ. ಎರಡನೆಯದಾಗಿ, ಧರ್ಮೋಪದೇಶದ ತರಗತಿ, ಗಾಯನ ವೃಂದ, ಬಲಿಪೀಠ ಸೇವಕರ ಕೂಟ, ಇವೆಲ್ಲ ತೆರೆದ ಬಾಗಿಲಿನಲ್ಲಿ ಇಬ್ಬರು ಹಿರಿಯರ ಸಮ್ಮುಖದಲ್ಲಿ ನಡೆಯಲಿ. ಮೂರನೆಯದಾಗಿ, ಸಂತ ವಿನ್ಸೆಂಟ್ ಡಿ ಪೌಲ್ ಸಭೆಯವರು ಮನೆ ಭೇಟಿಗೆ ಹೋದಾಗ ಅಕ್ಕಿಯ ಲೆಕ್ಕದ ಜೊತೆಗೆ, ಶಾಲೆಗೆ ಹೋಗದ ಮಗು ಇದೆಯೇ, ಸಾಲದ ಕಾಟವಿದೆಯೇ ಎಂದು ವಿಚಾರಿಸಲಿ. ನಾಲ್ಕನೆಯದಾಗಿ, ಪಂಚಾಯಿತಿಯ ಮಕ್ಕಳ ರಕ್ಷಣಾ ಸಮಿತಿ, ಶಾಲೆಯ ಮುಖ್ಯೋಪಾಧ್ಯಾಯರು, ಅಂಗನವಾಡಿ ಕಾರ್ಯಕರ್ತೆಯರು, ಪೊಲೀಸ್ ಠಾಣೆಯವರು, ಇವರೊಂದಿಗೆ ವರ್ಷಕ್ಕೆ ಎರಡು ಸಲವಾದರೂ ಕುಳಿತು ಮಾತನಾಡೋಣ. ಮಸೀದಿ, ದೇವಸ್ಥಾನಗಳ ಹಿರಿಯರೂ ಬರಲಿ. ನೊಂದ ಮಗುವಿನ ಅಳುವಿಗೆ ಮತಭೇದವಿಲ್ಲ.

ಐದನೆಯ ಸಲಹೆ ಜ್ಞಾನತಂದೆ ಜ್ಞಾನತಾಯಂದಿರಿಗೆ. ಧರ್ಮಸಭೆಯು ಶತಮಾನಗಳ ಹಿಂದೆಯೇ ಮಗುವನ್ನು ಹೆತ್ತವರ ಕೈಯಲ್ಲಿ ಮಾತ್ರ ಬಿಡದೆ, ಮನೆಯ ಆಚೆ ಒಬ್ಬರನ್ನು ಹೆಸರು ಹಿಡಿದು ನೇಮಿಸಿತು. ಇಂದು ಆ ಸ್ಥಾನ ಜ್ಞಾನಸ್ನಾನದ ದಿನದ ಉಡುಗೊರೆಗೂ ಭಾವಚಿತ್ರಕ್ಕೂ ಮುಗಿದುಹೋಗುತ್ತಿದೆ. ತಮ್ಮ ಜ್ಞಾನಮಕ್ಕಳನ್ನು ತಿಂಗಳಿಗೊಮ್ಮೆ ಕಂಡು, ಹೇಗಿದ್ದೀಯೆ ಮಗು ಎಂದು ಕೇಳಿ, ಅದು ಹೇಳುವುದನ್ನು ಕೊನೆಯವರೆಗೆ ಕೇಳಿರಿ. ಅದು ಹೇಳಿದ್ದು ನಂಬಲಾಗದಂತೆ ತೋರಿದರೂ ಗದರಿಸಬೇಡಿರಿ. ಮಗುವಿಗೆ ಬೇಕಾದದ್ದು ತನ್ನನ್ನು ನಂಬುವ ಒಬ್ಬ ಹಿರಿಯ ಜೀವ.

ಶಿಷ್ಯರು ತಮ್ಮಲ್ಲಿ ದೊಡ್ಡವನಾರೆಂದು ಕೇಳಿದಾಗ ಯೇಸುಸ್ವಾಮಿ ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದರು. ಮಗುವಿನ ಸ್ಥಳ ಅದೇ, ಎಲ್ಲರಿಗೂ ಕಾಣುವಂಥ ನಟ್ಟನಡುವೆ. ಮೂಲೆಯಲ್ಲಿ ನಿಂತ ಮಗುವನ್ನು ಮತ್ತೆ ಆ ಸ್ಥಳಕ್ಕೆ ಕರೆತರುವುದೇ ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ವಿಚಾರಣೆಯ ಮೊದಲ ಕೆಲಸವಾಗಲಿ. ಸರ್ವಶಕ್ತ ದೇವರು ನಿಮ್ಮ ಕುಟುಂಬಗಳನ್ನೂ ಈ ಊರಿನ ಸಮಸ್ತ ಮಕ್ಕಳನ್ನೂ ಆಶೀರ್ವದಿಸಿ ಕಾಪಾಡಲಿ.